ಬ್ರೋಕರ್ ಯಾರ ಕಡೆಯವರು? ಮನೆ ಕೊಳ್ಳುವವರಿಗೆ ಕಾನೂನಿನಲ್ಲಿರುವ ದಾರಿಗಳು

ಪ್ರಶ್ನೆ: ತುಮಕೂರಿನ ಮರಳೂರು ಕಡೆ 30×40 ಸೈಟಿನಲ್ಲಿರುವ ಹಳೆಯ ಮನೆಯೊಂದನ್ನು 48 ಲಕ್ಷಕ್ಕೆ ಮಾತಾಡಿ ಕ್ರಯದ ಕರಾರು ಮಾಡಿಕೊಂಡಿದ್ದೇನೆ. ಕರಾರಿನಲ್ಲಿ ಅಡ್ವಾನ್ಸ್ 5 ಲಕ್ಷ ಎಂದು ಬರೆದಿದೆ. ನಾಲ್ಕೂವರೆ ಲಕ್ಷ ಮಾಲೀಕರ ಖಾತೆಗೆ ಹಾಕಿದ್ದೇನೆ, 50,000 ಟೋಕನ್ ಎಂದು ಬ್ರೋಕರ್ ಕೈಗೆ ನಗದು ಕೊಟ್ಟಿದ್ದೆ. ಕಮಿಷನ್ ಶೇ 1. ಅದರಲ್ಲಿ ಅರ್ಧ, 24,000 ರೂಪಾಯಿ, ಫೋನ್‌ಪೇ ಮಾಡಿದ್ದೇನೆ. 'ಓನರು 48ಕ್ಕಿಂತ ಒಂದು ರೂಪಾಯಿ ಇಳಿಯಲ್ಲ ಮೇಡಂ' ಎಂದು ಬ್ರೋಕರ್ ವಾಟ್ಸ್ಆಪ್‌ನಲ್ಲೇ ಬರೆದಿದ್ದರು. ಹೋದ ವಾರ ಸಾಲಕ್ಕೆಂದು ಬ್ಯಾಂಕಿನವರು ಮನೆ ನೋಡಲು ಬಂದಾಗ ಮಾಲೀಕರು ಮಾತಿನ ಮಧ್ಯೆ 'ನನಗೆ ಬರೋದು 43, ಮಿಕ್ಕಿದ್ದು ಅವರದ್ದು' ಅಂದುಬಿಟ್ಟರು. ಕಾಗದಪತ್ರ ನೋಡಿದ ವಕೀಲರೂ ಬ್ರೋಕರ್ ಕರೆತಂದವರೇ. ಮೂರು ತಿಂಗಳ ಗಡುವಿನಲ್ಲಿ ಒಂದೂವರೆ ತಿಂಗಳು ಮುಗಿದಿದೆ. ಮನೆ ಬಿಡಲು ಮನಸ್ಸಿಲ್ಲ, 5 ಲಕ್ಷ ಸುಮ್ಮನೆ ಕೊಡಲೂ ಮನಸ್ಸಿಲ್ಲ. ಏನು ಮಾಡಲಿ?
– ಶಿಕ್ಷಕಿ, ತುಮಕೂರು

ಉತ್ತರ: ಸಿಟ್ಟಿನಲ್ಲಿ 'ನನಗೆ ಈ ಮನೆ ಬೇಡ, ದುಡ್ಡು ವಾಪಸ್ ಕೊಡಿ' ಎಂದು ಮಾಲೀಕರಿಗೆ ಮೆಸೇಜ್ ಹಾಕಬೇಡಿ. ಈಗಾಗಲೇ ಹಾಕಿದ್ದರೆ, ಇವತ್ತೇ ಇನ್ನೊಂದು ಬರೆಯಿರಿ: 'ಕರಾರಿನಂತೆ ಕೊಳ್ಳಲು ಸಿದ್ಧಳಿದ್ದೇನೆ; ಬೆಲೆಯ ಬಗ್ಗೆ ನನಗೆ ತಿಳಿದುಬಂದ ವಿಷಯ ಮೊದಲು ಇತ್ಯರ್ಥವಾಗಬೇಕು.' ನಿಮಗಿರುವ ಸಂಬಂಧಗಳು ಎರಡು. ಒಂದು ಮಾಲೀಕರ ಜೊತೆಗಿನ ಕ್ರಯದ ಕರಾರು, ಇನ್ನೊಂದು ಬ್ರೋಕರ್ ಜೊತೆಗಿನ ಕಮಿಷನ್ ಒಪ್ಪಂದ. ಜಗಳ ಇರುವುದು ಎರಡನೆಯದರಲ್ಲಿ. ಅದರ ಸಿಟ್ಟಿಗೆ ಮೊದಲನೆಯದನ್ನು ನೀವಾಗಿ ಮುರಿದರೆ 'ಕೊಳ್ಳುವವರೇ ಹಿಂದೆ ಸರಿದರು' ಎಂದಾಗುತ್ತದೆ, ಅಡ್ವಾನ್ಸ್ ಮುಟ್ಟುಗೋಲಿನ ಮಾತು ಶುರುವಾಗುತ್ತದೆ. ಬ್ರೋಕರ್‌ಗಳ ಮೇಲಿನ ಎಷ್ಟೋ ದೂರು ಅಡ್ಡದಾರಿ ಹಿಡಿಯುವುದು ಇಲ್ಲೇ.

ಈಗ 43ಕ್ಕೂ 48ಕ್ಕೂ ನಡುವಿನ ಆ 5 ಲಕ್ಷದ ವಿಷಯ. ನಮ್ಮ ಕಡೆ ಇದಕ್ಕೆ 'ನೆಟ್ ರೇಟು' ಅನ್ನುತ್ತಾರೆ. ಮಾಲೀಕರು 'ನನ್ನ ಕೈಗೆ ಇಷ್ಟು ಬರಲಿ, ಮೇಲಿದ್ದದ್ದು ನಿನ್ನದು' ಎಂದು ಹೇಳಿ ಕಳಿಸುತ್ತಾರೆ. ಬ್ರೋಕರ್ ಕೊಳ್ಳುವವರಿಗೆ ಮೇಲಿನ ರೇಟು ಹೇಳಿ, ಅದರ ಜೊತೆಗೆ ಕಮಿಷನ್ನೂ ತೆಗೆದುಕೊಳ್ಳುತ್ತಾರೆ. ಎರಡೂ ಕಡೆ ಕಮಿಷನ್ ಪಡೆಯುವುದು ಅಷ್ಟಕ್ಕೇ ಕಾನೂನುಬಾಹಿರವಲ್ಲ, ಇಬ್ಬರಿಗೂ ಗೊತ್ತಿದ್ದರೆ ತಕರಾರೂ ಇಲ್ಲ. 43ಕ್ಕೆ ತಾವೇ ಕೊಂಡು, ತಾವೇ ಮಾರುವವರೆಂದು ಹೇಳಿಕೊಂಡು 48ಕ್ಕೆ ಮಾರಿದರೂ ಅದು ವ್ಯಾಪಾರ, ಲಾಭ ಅವರದು. ಆದರೆ ನಿಮ್ಮಿಂದ ಕಮಿಷನ್ ಪಡೆದ ಗಳಿಗೆಯಿಂದ ಬ್ರೋಕರ್ ನಿಮ್ಮ ಏಜೆಂಟರೂ ಹೌದು. ನಿಮ್ಮ ಏಜೆಂಟರಾಗಿದ್ದುಕೊಂಡು ನೀವು ಕೊಡುವ ಬೆಲೆ ಏರಿದಷ್ಟೂ ತನಗೆ ಲಾಭ ಎಂಬ ಸ್ಥಿತಿಯನ್ನು ಗುಟ್ಟಾಗಿ ಇಟ್ಟುಕೊಂಡರಲ್ಲ, ತಪ್ಪು ಇರುವುದು ಅಲ್ಲಿ. ಆದ್ದರಿಂದ ನಿಮ್ಮ ಇಡೀ ಪ್ರಕರಣದಲ್ಲಿ 5 ಲಕ್ಷಕ್ಕಿಂತ ಬೆಲೆಬಾಳುವ ದಾಖಲೆ ಆ 24,000 ರೂಪಾಯಿಯ ಫೋನ್‌ಪೇ ರಸೀದಿ. ನಗದು ಕೊಟ್ಟಿದ್ದರೆ ಬ್ರೋಕರ್ 'ನಾನು ಮಾರುವವರ ಕಡೆಯವನು, ಇವರು ಯಾರೋ ಗೊತ್ತಿಲ್ಲ' ಎಂದು ಕೈ ಕೊಡವಬಹುದಿತ್ತು.

1872ರ ಭಾರತೀಯ ಕರಾರು ಕಾಯ್ದೆ ಏಜೆಂಟರ ಬಗ್ಗೆ ಬಿಗಿಯಾಗಿಯೇ ಮಾತಾಡುತ್ತದೆ. ಕೇಳಿದಾಗ ಲೆಕ್ಕ ಒಪ್ಪಿಸಬೇಕು (213ನೇ ಕಲಂ). ಕೆಲಸ ವಹಿಸಿದವರ ಪರವಾಗಿ ಬಂದ ಹಣವನ್ನು ಅವರಿಗೆ ಮುಟ್ಟಿಸಬೇಕು (218). ವಹಿಸಿದವರಿಗೆ ತಿಳಿಸದೆ ತನ್ನ ಸ್ವಂತ ಲಾಭಕ್ಕೆ ವ್ಯವಹಾರ ಮಾಡಿಕೊಂಡರೆ ಆ ಲಾಭವನ್ನು ವಹಿಸಿದವರು ಕೇಳಿ ಪಡೆಯಬಹುದು (216). ಆ ಕಲಮಿಗೆ ಕಾಯ್ದೆಯೇ ಕೊಟ್ಟಿರುವ ಉದಾಹರಣೆ ಮನೆಯದೇ: ಒಬ್ಬರು ತಮಗಾಗಿ ಇಂಥ ಮನೆ ಕೊಂಡುಕೊಡು ಎಂದು ಏಜೆಂಟರಿಗೆ ಹೇಳುತ್ತಾರೆ, ಏಜೆಂಟರು 'ಅದು ಸಿಗೋದಿಲ್ಲ' ಎಂದು ಸುಳ್ಳು ಹೇಳಿ ತಾವೇ ಕೊಂಡುಕೊಳ್ಳುತ್ತಾರೆ; ವಿಷಯ ತಿಳಿದ ಮೇಲೆ, ಏಜೆಂಟರು ಕೊಟ್ಟ ಬೆಲೆಗೇ ಮನೆಯನ್ನು ತಮಗೆ ಮಾರುವಂತೆ ಅವರು ಒತ್ತಾಯಿಸಬಹುದು. ನಿಮ್ಮದು ಅದರ ಪಕ್ಕದ ಮನೆಯಂಥ ಪ್ರಕರಣ. ಇನ್ನು ಕೆಟ್ಟ ನಡತೆ ತೋರಿದ ಕೆಲಸಕ್ಕೆ ಏಜೆಂಟರಿಗೆ ಸಂಭಾವನೆಯ ಹಕ್ಕೇ ಇಲ್ಲ ಎನ್ನುತ್ತದೆ 220ನೇ ಕಲಂ. ನೀವು ಕೊಟ್ಟ 24,000 ವಾಪಸ್ ಕೇಳುವುದಕ್ಕೂ ಉಳಿದದ್ದನ್ನು ತಡೆಹಿಡಿಯುವುದಕ್ಕೂ ಅದೇ ಆಧಾರ.

ಬ್ರೋಕರ್ ಕಡೆಯಿಂದ ಬರುವ ಉತ್ತರವನ್ನೂ ಈಗಲೇ ಊಹಿಸಬಹುದು: 'ಮಾಲೀಕರ ಜೊತೆ ನನಗೆ ಮೊದಲೇ 43ಕ್ಕೆ ಅಗ್ರಿಮೆಂಟ್ ಆಗಿತ್ತು, ನಾನು ನನ್ನ ಹಕ್ಕನ್ನು ಮಾರಿದೆ.' ಹಾಗಿದ್ದರೆ ನಿಮ್ಮಿಂದ ಕಮಿಷನ್ ಯಾಕೆ ತೆಗೆದುಕೊಂಡರು ಎಂಬ ಪ್ರಶ್ನೆಗೆ ಜವಾಬು ಸಿಗುವುದಿಲ್ಲ. ಆದರೂ ಇದನ್ನು ಹಗುರವಾಗಿ ಬಿಡಬೇಡಿ. ನಿಜಕ್ಕೂ ಅಂಥ ಅಗ್ರಿಮೆಂಟ್ ಅಥವಾ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಇದ್ದು, ಅದನ್ನು ರದ್ದು ಮಾಡದೆ ನೀವು ಮನೆ ಕೊಂಡರೆ ನಾಳೆ ಬ್ರೋಕರ್ ಅದನ್ನೇ ಹಿಡಿದು ದಾವಾ ಹೂಡಬಹುದು. ನೋಂದಣಿ ಆಗಿರುವ ಅಗ್ರಿಮೆಂಟ್ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ತೆಗೆಸುವ ಋಣಭಾರ ಪ್ರಮಾಣಪತ್ರದಲ್ಲಿ (ಇಸಿ) ಕಾಣುತ್ತದೆ, ನೋಂದಣಿ ಆಗದ್ದು ಕಾಣುವುದಿಲ್ಲ. ಹಾಗಾಗಿ ಮಾಲೀಕರನ್ನು ನೇರವಾಗಿ ಕೇಳಿ. ಇದ್ದರೆ ಅದರ ಮೂಲಪ್ರತಿಯ ಮೇಲೆ ರದ್ದತಿ ಬರೆಸಿ ಸಹಿ ಹಾಕಿಸಬೇಕು, ಇಲ್ಲವೇ ಕ್ರಯಪತ್ರದಲ್ಲಿ ಬ್ರೋಕರ್ ಒಪ್ಪಿಗೆದಾರರಾಗಿ ಸಹಿ ಹಾಕಬೇಕು.

ಮಾಲೀಕರ ಮೇಲೆ ನಿಮ್ಮ ಹಿಡಿತ ಇಷ್ಟು ಬಲವಾಗಿಲ್ಲ. ತನ್ನ ಕನಿಷ್ಠ ಬೆಲೆ ಎಷ್ಟೆಂದು ಮಾರುವವರು ಕೊಳ್ಳುವವರಿಗೆ ಹೇಳಲೇಬೇಕೆಂಬ ನಿಯಮವಿಲ್ಲ. ಆದರೆ ಸುಮ್ಮನಿರುವುದು ಬೇರೆ, 'ಒಂದು ರೂಪಾಯಿ ಇಳಿಯಲ್ಲ' ಎಂದು ಸುಳ್ಳು ಹೇಳುವುದು ಬೇರೆ. ಬ್ರೋಕರ್ ಮಾಲೀಕರ ಏಜೆಂಟರೂ ಆಗಿದ್ದರಿಂದ, ಆ ಕೆಲಸದ ಮಧ್ಯೆ ಹೇಳಿದ ಸುಳ್ಳು ಮಾಲೀಕರೇ ಹೇಳಿದಂತೆ ಎಂಬ ವಾದಕ್ಕೆ 238ನೇ ಕಲಂ ದಾರಿ ಕೊಡುತ್ತದೆ. ಅದರ ಮೇಲೆ 19ನೇ ಕಲಮಿನಡಿ ಕರಾರನ್ನು ಅನೂರ್ಜಿತ ಮಾಡಿಸಲು ಕೇಳಬಹುದು. ಎದುರಿನ ವಕೀಲರು ಅದೇ ಕಲಮಿನ ವಿನಾಯಿತಿ ಎತ್ತುತ್ತಾರೆ: ತಪ್ಪು ಮಾಹಿತಿಯನ್ನು ಸಾಮಾನ್ಯ ಎಚ್ಚರಿಕೆಯಿಂದ ಪತ್ತೆ ಮಾಡಬಹುದಾಗಿತ್ತಲ್ಲ, ಮಾಲೀಕರನ್ನೇ ಒಂದು ಮಾತು ಕೇಳಬಹುದಿತ್ತಲ್ಲ ಎಂದು. ಈ ವಾದಕ್ಕೆ ತೂಕವಿದೆ. ಮನೆ ಬೇಡವೆಂದಿದ್ದರೆ ಮಾತ್ರ ಈ ದಾರಿ. ನಿಮಗೆ ಮನೆ ಬೇಕು, ಹಾಗಾಗಿ ಮಾಲೀಕರನ್ನು ಎದುರಾಳಿ ಮಾಡಿಕೊಳ್ಳದೆ ಸಾಕ್ಷಿ ಮಾಡಿಕೊಳ್ಳುವುದು ಜಾಣತನ.

ಅದಕ್ಕೆ ಕಾರಣವೂ ಇದೆ. ಕ್ರಯಪತ್ರ 48 ಲಕ್ಷಕ್ಕೆ ಆದರೆ ಆದಾಯ ತೆರಿಗೆಯವರ ಕಣ್ಣಿಗೆ ಮಾಲೀಕರಿಗೆ ಬಂದದ್ದು 48. ಅದರಲ್ಲಿ 5 ಲಕ್ಷ ರಸೀದಿಯಿಲ್ಲದೆ ನಗದಿನಲ್ಲಿ ಬ್ರೋಕರ್ ಕೈಗೆ ಹೋದರೆ, ಕೈಗೆ ಬಾರದ ಹಣಕ್ಕೂ ಬಂಡವಾಳ ಲಾಭದ ತೆರಿಗೆ ಲೆಕ್ಕ ಹಾಕಿಸಿಕೊಳ್ಳಬೇಕಾಗುತ್ತದೆ. ಇದನ್ನು ಮಾಲೀಕರಿಗೆ ಶಾಂತವಾಗಿ ವಿವರಿಸಿ. 43 ಪಡೆಯಬೇಕಾದವರು 43ಕ್ಕೇ ಬರೆದುಕೊಟ್ಟರೆ ಅವರಿಗೆ ನಷ್ಟವಿಲ್ಲ. ಬ್ರೋಕರ್‌ಗೆ ಕೊಟ್ಟ ಮಾತು ಏನಾಯಿತು ಎಂದರೆ, ಬ್ರೋಕರ್ ಈ ಕಡೆಯೂ ಕಮಿಷನ್ ಪಡೆದದ್ದು ಮಾಲೀಕರಿಗೆ ಗೊತ್ತಿತ್ತೇ ಎಂದು ಕೇಳಿ. ಬಹುಮಟ್ಟಿಗೆ ಗೊತ್ತಿರುವುದಿಲ್ಲ.

ಈ ವಾರದ ಕೆಲಸ ಹೀಗೆ ಸಾಗಲಿ. ಮೊದಲು ವಾಟ್ಸ್ಆಪ್ ಚಾಟನ್ನು ಇಡಿಯಾಗಿ ಎಕ್ಸ್‌ಪೋರ್ಟ್ ಮಾಡಿ ಇಮೇಲ್‌ಗೆ ಕಳಿಸಿಕೊಳ್ಳಿ. ಬರೀ ಸ್ಕ್ರೀನ್‌ಶಾಟ್ ನೆಚ್ಚಬೇಡಿ, ಆ ಫೋನನ್ನು ಬದಲಿಸಬೇಡಿ, ರೀಸೆಟ್ ಮಾಡಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಗೆ ಎರಡು ಭಾಗದ ಪ್ರಮಾಣಪತ್ರ ಬೇಕು, ಒಂದು ನಿಮ್ಮದು, ಇನ್ನೊಂದು ತಜ್ಞರದು. ವಕೀಲರು ಅದನ್ನು ಮಾಡಿಸುತ್ತಾರೆ, ಆದರೆ ಮೂಲ ಫೋನು ಇರಬೇಕು. ಆಮೇಲೆ ಮಾಲೀಕರಿಗೆ ಮೆಸೇಜ್: 'ಹೋದ ವಾರ ತಾವು ಹೇಳಿದಂತೆ ತಮ್ಮ ಕೈಗೆ ಬರುವುದು 43 ಲಕ್ಷ ಎಂದು ತಿಳಿದುಕೊಂಡಿದ್ದೇನೆ, ಸರಿ ತಾನೆ?' 'ಹೌದು' ಎಂಬ ಎರಡಕ್ಷರದ ಉತ್ತರ ಬಂದರೆ ಅರ್ಧ ಕೇಸು ಗೆದ್ದಂತೆ. ಬಾಯಿಮಾತಿನ 43 ನಾಳೆ ಕಟಕಟೆಯಲ್ಲಿ ಮರೆತುಹೋಗುತ್ತದೆ.

ಬೇರೆ ವಕೀಲರನ್ನು ಹಿಡಿಯಿರಿ, ಬ್ರೋಕರ್‌ಗೆ ಪರಿಚಯವಿಲ್ಲದವರನ್ನು. ವಾರಕ್ಕೆ ನಾಲ್ಕು ಕೆಲಸ ಕೊಡಿಸುವ ಬ್ರೋಕರ್ ತಂದ ಕಾಗದದಲ್ಲಿ ತಕರಾರು ಹುಡುಕಲು ವಕೀಲರಿಗೂ ಪತ್ರ ಬರಹಗಾರರಿಗೂ ಮುಜುಗರ. ಹೊಸಬರು ಮೂಲ ಪತ್ರಗಳನ್ನು, 30 ವರ್ಷದ ಋಣಭಾರ ಪ್ರಮಾಣಪತ್ರವನ್ನು, ನಗರಪಾಲಿಕೆ ವ್ಯಾಪ್ತಿಯಾದರೆ ಇ-ಖಾತೆಯನ್ನು, ಪಂಚಾಯಿತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇದೆಯೇ ಅಥವಾ 11ಬಿ (ಅನುಮೋದನೆಯಿಲ್ಲದ ಸ್ವತ್ತಿನದು) ಮಾತ್ರವೇ ಎಂಬುದನ್ನು, ಜಮೀನು ಭೂಪರಿವರ್ತನೆ ಆದದ್ದೇ ಎಂಬುದನ್ನು ಮತ್ತೆ ನೋಡಲಿ. ಬೆಲೆಯಲ್ಲಿ 5 ಲಕ್ಷ ಮುಚ್ಚಿಟ್ಟ ಕಡೆ ಪತ್ರದಲ್ಲೂ ಏನೋ ಮುಚ್ಚಿಟ್ಟಿರಬಹುದೆಂದು ಅನುಮಾನಿಸುವುದು ತಪ್ಪಲ್ಲ. ಕರಾರಿಗೆ ಸರಿಯಾದ ಮುದ್ರಾಂಕ ಶುಲ್ಕ ಕಟ್ಟಿದೆಯೇ ಎಂದೂ ನೋಡಿಸಿ. ಕೊರತೆಯಿದ್ದರೆ ನ್ಯಾಯಾಲಯದಲ್ಲಿ ಅದನ್ನು ಹಾಜರುಪಡಿಸುವಾಗ ಕೊರತೆ ಶುಲ್ಕದ ಜೊತೆಗೆ ಅದರ ಹತ್ತುಪಟ್ಟು ದಂಡ ಕಟ್ಟಬೇಕಾಗುತ್ತದೆ.

ಬ್ಯಾಂಕಿನ ಮೌಲ್ಯಮಾಪನ ಎಷ್ಟು ಬಂತೆಂದು ಕೇಳಿಕೊಳ್ಳಿ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಮೌಲ್ಯದ ಶೇ 80. ಬ್ಯಾಂಕು ಮನೆಯನ್ನು 44 ಲಕ್ಷಕ್ಕೆ ಅಳೆದಿದ್ದರೆ ಸಿಗುವುದು ಹೆಚ್ಚೆಂದರೆ 35.2 ಲಕ್ಷ. 48ರ ಲೆಕ್ಕದಲ್ಲಿ ನೀವು ಎಣಿಸಿಕೊಂಡಿದ್ದ 38.4 ಅಲ್ಲ. ಆ 3.2 ಲಕ್ಷ ಕೈಯಿಂದ ಹೊಂದಿಸಬೇಕು. ಬೆಲೆ ಮಾತುಕತೆಗೆ ಕೂರುವಾಗ ಈ ವರದಿ ನಿಮ್ಮ ಜೊತೆಗಿರಲಿ. ಅದು ಬ್ರೋಕರ್ ಕಡೆಯದೂ ಅಲ್ಲ, ನಿಮ್ಮ ಕಡೆಯದೂ ಅಲ್ಲ.

ರಾಜಿಯ ಲೆಕ್ಕ ಹೀಗಿರಬಹುದು. ಬೆಲೆ 43 ಲಕ್ಷ ಎಂದು ತಿದ್ದುಪಡಿ ಕರಾರು, ಅಡ್ವಾನ್ಸ್ 5 ಲಕ್ಷ ಸಂದಿದೆ, ಬಾಕಿ 38 ಲಕ್ಷ, ಗಡುವು ಇನ್ನೆರಡು ತಿಂಗಳು ವಿಸ್ತರಣೆ. ಮಾಲೀಕರು 'ಮಾತು ಕೊಟ್ಟುಬಿಟ್ಟಿದ್ದೇನೆ' ಎಂದು ಜಗ್ಗಿ 43.5ಕ್ಕೋ 44ಕ್ಕೋ ನಿಂತರೆ ಒಪ್ಪಿಕೊಳ್ಳುವುದು ನಷ್ಟವಲ್ಲ. ವರ್ಷಗಟ್ಟಲೆ ದಾವಾ ನಡೆಸುವ ಖರ್ಚು ಅದಕ್ಕಿಂತ ಕಡಿಮೆಯೇನಲ್ಲ. ಒಪ್ಪಬಾರದ್ದು ಒಂದೇ: 'ಪತ್ರದಲ್ಲಿ 43 ಬರೆಯೋಣ, 5 ಲಕ್ಷ ಕೈಗೆ ಕೊಟ್ಟುಬಿಡಿ' ಎಂಬ ಸಲಹೆ. ಅದು ರಾಜಿಯಲ್ಲ, ಅದೇ ಹಳೆಯ ಲೆಕ್ಕ, ಈ ಸಲ ನಿಮ್ಮ ಕೈಯಿಂದಲೇ. ಸರ್ಕಾರದ ಮಾರ್ಗಸೂಚಿ ಬೆಲೆ 43ಕ್ಕಿಂತ ಹೆಚ್ಚಿದ್ದರೆ ಮುದ್ರಾಂಕ ಶುಲ್ಕ ಅದರ ಮೇಲೆಯೇ ಬೀಳುತ್ತದೆ, ಅದನ್ನೂ ಮೊದಲೇ ನೋಡಿಕೊಳ್ಳಿ.

ಟೋಕನ್ನಿನ 50,000 ತನಗೆ ಬಂದೇ ಇಲ್ಲ ಎಂದು ಮಾಲೀಕರು ಹೇಳಿದರೆ ಹೆದರಬೇಕಿಲ್ಲ. 5 ಲಕ್ಷ ಸಂದಿದೆ ಎಂದು ಕರಾರಿನಲ್ಲಿ ಸಹಿ ಹಾಕಿದ್ದಾರೆ. ಅದನ್ನು ಬ್ರೋಕರ್‌ನಿಂದ ವಸೂಲು ಮಾಡಿಕೊಳ್ಳುವುದು ಅವರ ಪಾಡು. ಮುಂದಕ್ಕೆ ಮಾತ್ರ ನೆನಪಿರಲಿ: ಸ್ಥಿರಾಸ್ತಿ ಅಡ್ವಾನ್ಸನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಿನಲ್ಲಿ ಪಡೆಯುವುದು ಆದಾಯ ತೆರಿಗೆ ಕಾನೂನಿನಲ್ಲಿ ನಿಷಿದ್ಧ, ಪಡೆದವರಿಗೆ ಅಷ್ಟೇ ಮೊತ್ತದ ದಂಡ.

ಮಾತುಕತೆ ಮುರಿದರೆ ನೋಟಿಸ್. ಎರಡು ಬೇರೆಬೇರೆ ನೋಟಿಸ್ ಕೊಡಿ, ಒಂದೇ ಕಾಗದದಲ್ಲಿ ಇಬ್ಬರನ್ನೂ ಬೈಯಬೇಡಿ. ಮಾಲೀಕರಿಗೆ ಹೋಗುವುದರಲ್ಲಿ ನೀವು ಕೊಳ್ಳಲು ಸಿದ್ಧರಿರುವುದು, ಹಣದ ವ್ಯವಸ್ಥೆ ಇರುವುದು (ಸಾಲ ಮಂಜೂರಾತಿ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್), ಬೆಲೆಯ ತಕರಾರನ್ನು ಬಿಟ್ಟುಕೊಟ್ಟಿಲ್ಲ ಎಂಬುದು ಇರಲಿ. ಬ್ರೋಕರ್‌ಗೆ ಹೋಗುವುದರಲ್ಲಿ ಇಷ್ಟು ಸಾಕು: 'ನನ್ನಿಂದ ದಿನಾಂಕ ಇಂಥದ್ದರಂದು 24,000 ರೂಪಾಯಿ ಕಮಿಷನ್ ಪಡೆದು ನನ್ನ ಏಜೆಂಟರಾಗಿ ವ್ಯವಹರಿಸಿದ ತಾವು, ಮಾರುವವರ ಬೆಲೆ 43 ಲಕ್ಷ ಎಂಬುದನ್ನು ಮುಚ್ಚಿಟ್ಟು 48 ಲಕ್ಷವೇ ಕನಿಷ್ಠ ಎಂದು ಲಿಖಿತವಾಗಿ ತಿಳಿಸಿದ್ದೀರಿ. ಈ ವ್ಯವಹಾರದಲ್ಲಿ ತಮಗೆ ಬಂದ ಮತ್ತು ಬರಬೇಕಾದ ಎಲ್ಲ ಹಣದ ಲೆಕ್ಕವನ್ನು 15 ದಿನದೊಳಗೆ ಕೊಡಬೇಕು, ಕಮಿಷನ್ ಹಿಂದಿರುಗಿಸಬೇಕು, 48 ಲಕ್ಷಕ್ಕೇ ಕ್ರಯವಾದಲ್ಲಿ ಹೆಚ್ಚುವರಿ 5 ಲಕ್ಷವನ್ನು ನನಗೆ ತುಂಬಿಕೊಡಬೇಕು.' ಸ್ವೀಕೃತಿ ಸಹಿ ವಾಪಸ್ ಬರುವಂತೆ ಅಂಚೆಯಲ್ಲಿ ಕಳಿಸಿ, ಅದರ ಫೋಟೊವನ್ನು ವಾಟ್ಸ್ಆಪ್‌ನಲ್ಲೂ ಹಾಕಿ.

ನಿಮಗೆ ಹತ್ತಿರದ ಬಾಗಿಲು ತುಮಕೂರಿನ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಹಣ ಪಡೆದು ಮನೆ ಕೊಡಿಸುವುದು ಸೇವೆ, ಲಾಭವನ್ನು ಮುಚ್ಚಿಟ್ಟದ್ದು ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿ ಎಂದು ಬ್ರೋಕರ್ ಮೇಲೆ ದೂರು ಕೊಡಬಹುದು. 2019ರ ಕಾಯ್ದೆಯಲ್ಲಿ ಆಯೋಗದ ವ್ಯಾಪ್ತಿ ನಿರ್ಧಾರವಾಗುವುದು ಸೇವೆಗೆ ಕೊಟ್ಟ ಮೊತ್ತದ ಮೇಲೆ. ಜಿಲ್ಲಾ ಆಯೋಗದ ಮಿತಿ 50 ಲಕ್ಷ, ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ವಕೀಲರಿಲ್ಲದೆ ನೀವೇ ವಾದಿಸಬಹುದು. ಕರಾರು, ಫೋನ್‌ಪೇ ರಸೀದಿ, ಚಾಟ್, ನೋಟಿಸ್, ಅದರ ಸ್ವೀಕೃತಿ, ಇಷ್ಟಕ್ಕೆ ಒಂದು ಪ್ರಮಾಣಪತ್ರ ಸೇರಿಸಿದರೆ ದೂರು ತಯಾರು. ಆದರೆ ಮಾಲೀಕರನ್ನು ಅಲ್ಲಿಗೆ ಎಳೆಯಬೇಡಿ. ತನ್ನ ಮನೆಯನ್ನು ತಾನು ಮಾರುವುದು ಸೇವೆಯಲ್ಲ, ಆ ಭಾಗ ಬಿದ್ದುಹೋಗುತ್ತದೆ.

ಮಾಲೀಕರು ಕ್ರಯಪತ್ರ ಮಾಡಿಕೊಡಲು ಒಪ್ಪದಿದ್ದರೆ ಸಿವಿಲ್ ನ್ಯಾಯಾಲಯವೇ ಗತಿ, ಕರಾರಿನ ನಿರ್ದಿಷ್ಟ ಪಾಲನೆಗಾಗಿ. ಕಾಲಮಿತಿ ಮೂರು ವರ್ಷ, ಆದರೆ ತಡ ಮಾಡಿದಷ್ಟೂ 'ಸಿದ್ಧರಿದ್ದರು' ಎಂಬುದು ತೆಳುವಾಗುತ್ತದೆ. ಇಲ್ಲಿ ಒಂದು ತಾಂತ್ರಿಕ ಮಾತು ದೊಡ್ಡದು: ಕ್ರಯ ಮಾಡಿಸಿಕೊಡಿ ಎಂದು ಕೇಳುವ ದಾವಾದಲ್ಲೇ 'ಅದು ಆಗದಿದ್ದರೆ ಅಡ್ವಾನ್ಸ್ ಬಡ್ಡಿಸಮೇತ ವಾಪಸ್' ಎಂದು ಪರ್ಯಾಯವಾಗಿ ಕೇಳಲೇಬೇಕು. ನಿರ್ದಿಷ್ಟ ಪರಿಹಾರ ಕಾಯ್ದೆಯ 22ನೇ ಕಲಂ ಹಾಗೆ ಹೇಳುತ್ತದೆ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಆಸ್ತಿಯೊಂದರ ಪ್ರಕರಣದಲ್ಲಿ ಕೊಳ್ಳುವವರ 20 ಲಕ್ಷ ಅಡ್ವಾನ್ಸ್ ಮುಟ್ಟುಗೋಲನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹಣ ವಾಪಸ್ ಬೇಕೆಂದು ದಾವಾದಲ್ಲಿ ಕೇಳಿಯೇ ಇಲ್ಲ ಎಂಬುದು ಅಲ್ಲಿ ಮುಖ್ಯವಾಗಿತ್ತು. ಒಂದು ಸಾಲು ಬಿಟ್ಟುಹೋದದ್ದಕ್ಕೆ ಎಷ್ಟು ಬೆಲೆ ನೋಡಿ.

ಕೋರ್ಟಿಗೆ ಮುಂಚೆ ನಗರದ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟು ನೋಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ವ್ಯಾಜ್ಯಪೂರ್ವ ಹಂತದಲ್ಲೇ ಮೂವರನ್ನೂ ಕರೆಸಿ ಕೂರಿಸುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ನಿಮ್ಮಂಥ ಪ್ರಕರಣಕ್ಕೆ ಇದಕ್ಕಿಂತ ಹೊಂದುವ ದಾರಿ ಇನ್ನೊಂದಿಲ್ಲ.

ಪೊಲೀಸ್ ಠಾಣೆಗೆ ಹೋದರೆ 'ಇದು ಸಿವಿಲ್ ಮ್ಯಾಟರು' ಎಂದು ಹೇಳುವ ಸಾಧ್ಯತೆ ಹೆಚ್ಚು, ಈ ಸಲ ಅವರ ಮಾತು ಪೂರ್ತಿ ತಪ್ಪೂ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 318(4)ರ ವಂಚನೆಗೆ ಏಳು ವರ್ಷದವರೆಗೆ ಶಿಕ್ಷೆ ಇದೆಯಾದರೂ ಬೆಲೆ ಹೆಚ್ಚಿಸಿ ಹೇಳಿದ್ದೊಂದೇ ಅದಕ್ಕೆ ಸಾಲುವುದು ಕಷ್ಟ. ಒಂದೇ ಮನೆಗೆ ಇಬ್ಬರಿಂದ ಅಡ್ವಾನ್ಸ್ ಎತ್ತಿದ್ದರೆ, ನಕಲಿ ಪತ್ರ ತೋರಿಸಿದ್ದರೆ, ಮಾಲೀಕರೇ ಅಲ್ಲದವರನ್ನು ಮಾಲೀಕರೆಂದು ನಿಲ್ಲಿಸಿದ್ದರೆ ಮಾತ್ರ ಮೊದಲ ದಿನವೇ ಠಾಣೆಗೆ ಹೋಗಬೇಕು.

'ರೇರಾಗೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ) ಹಾಕಿ' ಎಂದು ಎಲ್ಲರೂ ಹೇಳಿರುತ್ತಾರೆ. ನಿಮ್ಮದು ಒಬ್ಬರಿಂದ ಒಬ್ಬರು ಕೊಳ್ಳುವ ಹಳೆಯ ಮನೆ, ಯೋಜನೆಯಲ್ಲ, ಹಾಗಾಗಿ ಅಲ್ಲಿ ದಾರಿಯಿಲ್ಲ. ಇದನ್ನೇ ನೀವು ಹೊಸ ಬಡಾವಣೆಯ ಸೈಟಿಗೋ ಅಪಾರ್ಟ್‌ಮೆಂಟಿಗೋ ಮಾಡಿದ್ದರೆ ಕಥೆ ಬೇರೆ. ಜಮೀನು 500 ಚದರ ಮೀಟರ್ ಮೀರಿದರೆ (30×40ರ ನಾಲ್ಕೂವರೆ ಸೈಟಿನಷ್ಟು) ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇದ್ದರೆ ಯೋಜನೆ ನೋಂದಣಿ ಕಡ್ಡಾಯ, ಅದನ್ನು ಮಾರಿಸುವ ಬ್ರೋಕರ್‌ಗೂ ನೋಂದಣಿ ಕಡ್ಡಾಯ. ಕರ್ನಾಟಕ ರೇರಾದ ಏಜೆಂಟ್ ಸಂಖ್ಯೆಯ ಮಧ್ಯೆ 'ಎಜಿ' ಎಂಬ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ವಿಸಿಟಿಂಗ್ ಕಾರ್ಡ್ ನಂಬದೆ ರೇರಾ ಜಾಲತಾಣದಲ್ಲಿ ಹುಡುಕಿ ನೋಡಬೇಕು. ನೋಂದಾಯಿತ ಕರಾರಿಲ್ಲದೆ ಶೇ 10ಕ್ಕಿಂತ ಹೆಚ್ಚು ಅಡ್ವಾನ್ಸ್ ಪಡೆಯುವಂತಿಲ್ಲ. ನಿಯಮ ಮೀರಿದ ಏಜೆಂಟರಿಗೆ ದಿನಕ್ಕೆ 10,000ದಂತೆ, ಸ್ವತ್ತಿನ ಬೆಲೆಯ ಶೇ 5ರವರೆಗೆ ದಂಡವಿದೆ. ಆ ದಂಡ ಸರ್ಕಾರಕ್ಕೆ ಹೋಗುತ್ತದೆ, ಕೊಂಡವರ ಜೇಬಿಗಲ್ಲ. ಹಣ ವಾಪಸ್, ಬಡ್ಡಿ, ಪರಿಹಾರವನ್ನು ಬೇರೆಯಾಗಿಯೇ ಕೇಳಬೇಕು.

ಇನ್ನು ಉಳಿದ 24,000 ಕಮಿಷನ್ ಮಾತು. 43ಕ್ಕೆ ಕ್ರಯವಾಗಿ, ಬ್ರೋಕರ್ ತನ್ನ ಹಳೆಯ ಅಗ್ರಿಮೆಂಟ್ ಏನಾದರೂ ಇದ್ದರೆ ರದ್ದು ಮಾಡಿ, 'ಇನ್ನು ನನ್ನ ಹಕ್ಕು ಬಾಕಿ ಏನೂ ಇಲ್ಲ' ಎಂದು ಬರೆದುಕೊಟ್ಟರೆ 43ರ ಶೇ 1, ಅಂದರೆ 43,000 ಎಂದು ಲೆಕ್ಕ ಹಾಕಿ, ಕೊಟ್ಟದ್ದು ಕಳೆದು 19,000 ಕೊಟ್ಟು ಮುಗಿಸಿ. ಕಾನೂನು ಅಷ್ಟನ್ನೂ ಕೊಡಬೇಕೆಂದು ಹೇಳುವುದಿಲ್ಲ, ಆದರೆ ಆ ಸಹಿಗೆ ಅಷ್ಟು ಬೆಲೆಯಿದೆ. ಸಹಿ ಕ್ರಯಪತ್ರಕ್ಕಿಂತ ಮುಂಚೆ ಬೀಳಲಿ, ಹಣ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಹೊರಬಂದ ಮೇಲೆ ಖಾತೆಗೇ ಹೋಗಲಿ.